ತಾಮ್ರದ ತಗಡಿನ ಮೇಲೆ ಗುಳೆ ಹೋದವರು

ಈ ಸಲ ಸ್ವಲ್ಪ ಚಿತ್ರಕಲೆಯ ಇತಿಹಾಸ. "ಅಯ್ಯೋ, ಅದೆಲ್ಲ ನಮಗೆ ಅರ್ಥ ಆಗಲ್ಲ" ಅಂತ ಎದ್ದು ಹೋಗಬೇಡಿ ಮಾರಾಯ್ರೆ. ನನಗೂ ಒಂದು ಗೆರೆ ನೆಟ್ಟಗೆ ಎಳೆಯಲು ಬರುವುದಿಲ್ಲ. ಓದಿದ್ದು ಎಲೆಕ್ಟ್ರಾನಿಕ್ಸು, ಹೊಟ್ಟೆಪಾಡು ಸಾಫ್ಟ್‌ವೇರು. ಆದರೆ ಒಂದು ಪ್ರಶ್ನೆ ಬಹಳ ದಿನದಿಂದ ತಲೆ ಕೊರೆಯುತ್ತಿದೆ. ಊರು ಬಿಟ್ಟು ಹೋಗುವ ಜನರ ಎಷ್ಟು ಫೋಟೋಗಳನ್ನು ನಾವು ನೋಡಿಲ್ಲ? 2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ಬೀಗ ಬಿದ್ದ ಮೇಲೆ ಹೆದ್ದಾರಿಗಳಲ್ಲಿ ತಲೆ ಮೇಲೆ ಗಂಟು, ಕಂಕುಳಲ್ಲಿ ಮಗು ಹೊತ್ತು ನಡೆದವರನ್ನು ಮೊಬೈಲಿನಲ್ಲಿ ನೋಡಿದೆವು, ಮರುಗಿದೆವು, ನಾಲ್ಕು ಜನಕ್ಕೆ ಕಳಿಸಿದೆವು. ಆಮೇಲೆ ಬೆರಳು ಮೇಲಕ್ಕೆ ಸರಿಸಿತು, ಮುಂದಿನ ಸುದ್ದಿ ಬಂತು.

ಆದರೆ ಸುಮಾರು 400 ವರ್ಷ ಹಿಂದೆ ಯಾರೋ ಒಬ್ಬ ತಾಮ್ರದ ತಗಡಿನ ಮೇಲೆ ಗೀಚಿ, ಆಸಿಡ್ಡಿನಲ್ಲಿ ಅದ್ದಿ, ಕಾಗದಕ್ಕೆ ಒತ್ತಿದ ಒಂದು ಗೇಣುದ್ದದ ಕಪ್ಪು ಬಿಳುಪು ಚಿತ್ರ ಮಾತ್ರ ಮನಸ್ಸಿನಿಂದ ಕದಲುವುದಿಲ್ಲ. ಯಾಕೆ? ಚಿತ್ರ ಚೆನ್ನಾಗಿದೆ ಅನ್ನುವುದಷ್ಟೇ ಕಾರಣವೋ, ಅಥವಾ ಆ ಚಿತ್ರ ಮಾಡುವ ವಿಧಾನದಲ್ಲೇ ಏನಾದರೂ ಇದೆಯೋ? ಎಚಿಂಗ್ ಎಂಬ ಈ ವಿದ್ಯೆಯ ಇತಿಹಾಸವನ್ನೂ ಊರು ಬಿಟ್ಟವರ ಇತಿಹಾಸವನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಕಾಫಿ ಮಾಡಿಕೊಂಡು ಕೂತರೆ ಒಳ್ಳೆಯದು.

ಮೊದಲು ಎಚಿಂಗ್ ಅಂದರೇನು ಅಂತ ನೋಡೋಣ. ಇಂಜಿನಿಯರಿಂಗ್ ಲ್ಯಾಬಿನಲ್ಲಿ ಪಿಸಿಬಿ ಮಾಡಿದವರಿಗೆ ಇದು ಅರ್ಧ ಗೊತ್ತಿರುವ ವಿದ್ಯೆಯೇ. ನೆನಪಿದೆಯಾ? ತಾಮ್ರ ಬಳಿದ ಬೋರ್ಡಿನ ಮೇಲೆ ಮಾರ್ಕರ್ ಪೆನ್ನಿನಿಂದ ಸರ್ಕ್ಯೂಟ್ ಬರೆದು, ಫೆರಿಕ್ ಕ್ಲೋರೈಡಿನ ಕಂದು ನೀರಿನಲ್ಲಿ ಅದ್ದಿ, ಟ್ರೇ ಅಲ್ಲಾಡಿಸುತ್ತಾ ಕಾಯುತ್ತಿದ್ದೆವು. ಬರೆದ ಕಡೆ ತಾಮ್ರ ಉಳಿಯುತ್ತಿತ್ತು, ಬರೆಯದ ಕಡೆ ಕರಗುತ್ತಿತ್ತು. ಬಟ್ಟೆಗೆ ಬಿದ್ದ ಕಲೆ ಮಾತ್ರ ಡಿಗ್ರಿ ಮುಗಿದರೂ ಹೋಗುತ್ತಿರಲಿಲ್ಲ. ಚಿತ್ರಕಾರರು ಮಾಡುವುದು ಇದನ್ನೇ, ಆದರೆ ತಿರುಗಾ ಮುರುಗಾ. ನುಣುಪಾದ ತಾಮ್ರದ ಅಥವಾ ಸತುವಿನ ತಗಡಿನ ಮೇಲೆ ಮೇಣ, ರಾಳ, ಡಾಂಬರು ಜಾತಿಯ ಬಿಟುಮೆನ್ ಬೆರೆಸಿದ ತೆಳು ಪದರ ಬಳಿಯುತ್ತಾರೆ. ಆ ಪದರವನ್ನು ಸೂಜಿಯಿಂದ ಗೀಚುತ್ತಾರೆ. ಲೋಹವನ್ನಲ್ಲ, ಬರೀ ಮೇಣವನ್ನು. ಆಮೇಲೆ ತಗಡನ್ನು ನೈಟ್ರಿಕ್ ಆಮ್ಲದಲ್ಲೋ ಅದೇ ನಮ್ಮ ಫೆರಿಕ್ ಕ್ಲೋರೈಡಿನಲ್ಲೋ ಇಳಿಸುತ್ತಾರೆ. ಎಲ್ಲೆಲ್ಲಿ ಮೇಣ ಹೋಗಿದೆಯೋ ಅಲ್ಲಲ್ಲಿ ಆಮ್ಲ ಲೋಹವನ್ನು ತಿನ್ನುತ್ತದೆ. ಬೇಗ ತೆಗೆದರೆ ತೆಳು ಗೆರೆ, ತಡವಾಗಿ ತೆಗೆದರೆ ಆಳದ ಗೆರೆ. ಅಂದರೆ ಇಲ್ಲಿ ಗೆರೆಯ ಕಪ್ಪು ಎಷ್ಟು ಎಂಬುದನ್ನು ತೀರ್ಮಾನಿಸುವುದು ಕೈಯ ಬಲ ಅಲ್ಲ, ಕಾಲ.

ಮೇಣ ತೊಳೆದ ಮೇಲೆ ತಗಡಿಗೆಲ್ಲ ಮಸಿ ಮೆತ್ತುತ್ತಾರೆ. ನಂತರ ಬಟ್ಟೆಯಿಂದ, ಕೊನೆಗೆ ಅಂಗೈಯಿಂದಲೇ ಒರೆಸುತ್ತಾರೆ. ನುಣುಪಾಗಿರುವ ಕಡೆ ಮಸಿ ಹೊರಟುಹೋಗುತ್ತದೆ. ಗಾಯವಾದ ಕಡೆ ಮಾತ್ರ ಉಳಿಯುತ್ತದೆ. ಅದರ ಮೇಲೆ ಒದ್ದೆ ಕಾಗದ ಇಟ್ಟು, ಕಂಬಳಿ ಹಾಸಿ, ಎರಡು ಉಕ್ಕಿನ ಉರುಳೆಗಳ ನಡುವೆ ಕಬ್ಬು ಹಿಂಡಿದಂತೆ ತೂರಿಸಿದರೆ ಕಾಗದ ಆ ಗೀರುಗಳ ಒಳಗೆ ನುಗ್ಗಿ ಮಸಿಯನ್ನು ಹೀರಿಕೊಂಡು ಬರುತ್ತದೆ. ಒಳ್ಳೆಯ ಎಚಿಂಗ್ ಒಂದರಲ್ಲಿ ಗೆರೆ ಕಾಗದದ ಮಟ್ಟಕ್ಕಿಂತ ಕೂದಲೆಳೆಯಷ್ಟು ಎತ್ತರ ನಿಂತಿರುತ್ತದೆ. ಸುತ್ತಲೂ ತಗಡಿನ ಅಂಚು ಒತ್ತಿದ ಗುರುತು ಇರುತ್ತದೆ. ಚಿತ್ರ ಎಡಬಲ ಅದಲುಬದಲಾಗಿರುತ್ತದೆ.

ಈಗ ಹೇಳಿ, ತಿನ್ನುವ ಆಮ್ಲ, ಕಾಯುವ ಹೊತ್ತು, ಗಾಯದಲ್ಲಿ ಮಾತ್ರ ಉಳಿಯುವ ಮಸಿ, ಮೈಮೇಲೆ ಬೀಳುವ ಭಾರ... ಊರು ಬಿಟ್ಟವರ ಕಥೆ ಹೇಳಲು ಇದಕ್ಕಿಂತ ತಕ್ಕ ವಿಧಾನ ಇದೆಯಾ? ಹೋಲಿಕೆ ತುಸು ಸಲೀಸಾಯಿತು ಅನ್ನಿಸಿದರೆ ತಪ್ಪಿಲ್ಲ. ಚರಿತ್ರೆ ಏನು ಹೇಳುತ್ತದೆ ನೋಡೋಣ.

*

ಎಚಿಂಗ್ ಹುಟ್ಟಿದ್ದು ಚಿತ್ರಕ್ಕಾಗಿ ಅಲ್ಲ, ಯುದ್ಧಕ್ಕಾಗಿ. ಯುರೋಪಿನಲ್ಲಿ ಕಬ್ಬಿಣದ ಕವಚಗಳ ಮೇಲೆ ಅಲಂಕಾರ ಕೊರೆಯಲು ಕಮ್ಮಾರರು ಆಮ್ಲ ಬಳಸುತ್ತಿದ್ದರು. 1500ರ ಆಸುಪಾಸಿನಲ್ಲಿ ಜರ್ಮನಿಯ ಔಗ್ಸ್‌ಬುರ್ಗ್ ಪಟ್ಟಣದ ಡೇನಿಯಲ್ ಹಾಪ್ಫರ್ ಎಂಬಾತ ಅದನ್ನೇ ಕಾಗದಕ್ಕೆ ಅಚ್ಚು ಹಾಕಲು ಬಳಸಿದ. ಡ್ಯೂರರ್‌ನಂಥ ದೊಡ್ಡ ಕಲಾವಿದನೂ 1515ರಿಂದ 1518ರ ನಡುವೆ ಕಬ್ಬಿಣದ ತಗಡಿನಲ್ಲಿ ಕೆಲವು ಮಾಡಿ ನೋಡಿ ಕೈಬಿಟ್ಟ. ಈ ವಿದ್ಯೆಗೆ ಸೂಕ್ಷ್ಮತೆ ತಂದುಕೊಟ್ಟವನು ಇನ್ನೊಬ್ಬ. ಹೆಸರು ಜಾಕ್ ಕಾಲೋ, ಹುಟ್ಟಿದ್ದು 1592ರಲ್ಲಿ, ಇಂದು ಫ್ರಾನ್ಸಿನಲ್ಲಿರುವ ನಾನ್ಸಿ ಪಟ್ಟಣದಲ್ಲಿ. ತಂತಿವಾದ್ಯ ಮಾಡುವವರು ಮರಕ್ಕೆ ಬಳಿಯುತ್ತಿದ್ದ ಗಟ್ಟಿ ವಾರ್ನಿಶನ್ನು ಆತ ಮೇಣದ ಬದಲು ತಗಡಿಗೆ ಬಳಿದ. ಪದರ ಗಟ್ಟಿಯಾದ ಕಾರಣ ತಗಡನ್ನು ಮತ್ತೆ ಮತ್ತೆ ಆಮ್ಲಕ್ಕೆ ಇಳಿಸಬಹುದಿತ್ತು. ದೂರದ ಗುಡ್ಡ ಒಮ್ಮೆ ಕಚ್ಚಿಸಿಕೊಂಡು ತೆಳುವಾಗಿ ಉಳಿಯಿತು, ಹತ್ತಿರದ ಮನುಷ್ಯ ಮೂರು ಸಲ ಕಚ್ಚಿಸಿಕೊಂಡು ಕಪ್ಪಾದ. ಹೀಗೆ ಗೇಣುದ್ದದ ತಗಡಿನೊಳಗೆ ಒಂದಿಡೀ ದಾರಿ ಕಾಣುವಂತಾಯಿತು.

1620ರ ದಶಕದಲ್ಲಿ ಕಾಲೋ ನಾಲ್ಕು ತಗಡುಗಳ ಒಂದು ಮಾಲೆ ಮಾಡಿದ. ವಿಷಯ ಆಗ 'ಬೊಹೀಮಿಯನ್ನರು' ಎಂದು ಕರೆಸಿಕೊಳ್ಳುತ್ತಿದ್ದ ರೋಮಾ ಜನ. ರೋಮಾಗಳ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ನಮ್ಮ ಭಾರತದ ವಾಯವ್ಯ ಭಾಗದಿಂದ ಹೊರಟವರು, ಅವರ ಭಾಷೆಯ ಬೇರು ಸಂಸ್ಕೃತ, ಪ್ರಾಕೃತಗಳ ಕಡೆಯದು. ಕಾಲೋನ ಚಿತ್ರದಲ್ಲಿ ಅವರು ಸಾಲಾಗಿ ಹೋಗುತ್ತಿದ್ದಾರೆ. ಬಡಕಲು ಕುದುರೆ, ಗಾಡಿ, ಪಾತ್ರೆ ಪಗಡಿ, ಕೋಳಿ, ಮಕ್ಕಳು. ತಂಗಿದ ಕಡೆ ಅಡುಗೆ ನಡೆಯುತ್ತಿದೆ, ಇನ್ನೊಂದು ಮೂಲೆಯಲ್ಲಿ ಹೆಂಗಸೊಬ್ಬಳಿಗೆ ಹೆರಿಗೆ ಆಗುತ್ತಿದೆ. ದಾರಿಯಲ್ಲೇ ಹುಟ್ಟು, ದಾರಿಯಲ್ಲೇ ಊಟ. ಹುಡುಗನಾಗಿದ್ದಾಗ ಕಾಲೋ ಮನೆ ಬಿಟ್ಟು ಓಡಿ ಇಂಥದೇ ಒಂದು ಗುಂಪಿನ ಜೊತೆ ಇಟಲಿಗೆ ಹೋಗಿದ್ದ ಅಂತ ಒಂದು ದಂತಕತೆ ಇದೆ. ದಂತಕತೆ ಎಂದೇ ಇಟ್ಟುಕೊಳ್ಳೋಣ. ಗಮನಿಸಬೇಕಾದ ಸಂಗತಿ ಬೇರೆ. ಚಿತ್ರಗಳ ಕೆಳಗೆ ಅಚ್ಚಾದ ಪದ್ಯಗಳು ಈ ಜನರನ್ನು ಗೇಲಿ ಮಾಡುತ್ತವೆ. ಮೇಲಿನ ಚಿತ್ರ ಮಾತ್ರ ಗೇಲಿ ಮಾಡುವುದಿಲ್ಲ. ಪ್ರತಿ ಮುಖಕ್ಕೂ ಪ್ರತಿ ಗಂಟಿಗೂ ಒಂದೇ ಗಮನ ಕೊಟ್ಟಿದೆ. ಆ ಕಾಲದ ಸಮಾಜ ಅವರ ಬಗ್ಗೆ ಏನು ಅಂದುಕೊಂಡಿತ್ತು ಎಂಬುದೂ, ಸೂಜಿ ಹಿಡಿದವನು ಏನು ನೋಡಿದ ಎಂಬುದೂ ಒಂದೇ ಹಾಳೆಯಲ್ಲಿ ಜಗಳವಾಡುತ್ತಿವೆ.

1633ರಲ್ಲಿ ಫ್ರಾನ್ಸಿನ ಸೈನ್ಯ ಕಾಲೋನ ಸ್ವಂತ ನಾಡಾದ ಲೊರೇನಿಗೇ ನುಗ್ಗಿತು. ಅದೇ ವರ್ಷ 'ಯುದ್ಧದ ಸಂಕಟಗಳು' ಎಂಬ 18 ಚಿತ್ರಗಳ ಮಾಲೆ ಪ್ರಕಟವಾಯಿತು. ಎರಡು ವರ್ಷಕ್ಕೆ, 1635ರಲ್ಲಿ, ಆತ ತೀರಿಕೊಂಡ.

*

ಮುಂದಿನ ಹೆಸರು ನಿಮಗೆಲ್ಲ ಗೊತ್ತಿರುವುದೇ, ರೆಂಬ್ರಾಂಟ್. ಆತನ ಆಮ್‌ಸ್ಟರ್‌ಡ್ಯಾಮ್ ಆಗ ವಲಸಿಗರ ಊರು. ಸ್ಪೇನ್, ಪೋರ್ಚುಗಲ್‌ಗಳಿಂದ ಓಡಿಬಂದ ಯಹೂದಿಗಳು, ಯುದ್ಧಕ್ಕೆ ಹೆದರಿ ದಕ್ಷಿಣದಿಂದ ಬಂದ ಫ್ಲೆಮಿಶ್ ಜನ, ಎಲ್ಲ ಅಲ್ಲಿದ್ದರು. ರೆಂಬ್ರಾಂಟ್ ಮತ್ತೆ ಮತ್ತೆ ಕೈಗೆತ್ತಿಕೊಂಡ ಒಂದು ವಿಷಯ 'ಈಜಿಪ್ಟಿಗೆ ಪಲಾಯನ'. ಹೆರೋದ ರಾಜ ಮಕ್ಕಳನ್ನು ಕೊಲ್ಲಿಸುತ್ತಾನೆಂದು ತಿಳಿದು ಜೋಸೆಫ್, ಮೇರಿ ಕೂಸನ್ನು ಎತ್ತಿಕೊಂಡು ರಾತ್ರೋರಾತ್ರಿ ಊರು ಬಿಟ್ಟ ಬೈಬಲ್ಲಿನ ಕಥೆ ಅದು. 1651ರ ಎಚಿಂಗಿನಲ್ಲಿ ಇಡೀ ಹಾಳೆ ಕತ್ತಲು. ಜೋಸೆಫನ ಕೈಯಲ್ಲೊಂದು ಲಾಟೀನು. ಅದರ ಬೆಳಕು ಬಿದ್ದಷ್ಟು ಜಾಗದಲ್ಲಿ ಕತ್ತೆ, ತಾಯಿ, ಕೂಸು. ದೇವತೆ ಇಲ್ಲ, ಪ್ರಭಾವಳಿ ಇಲ್ಲ. ಒಂದು ಬಡ ಸಂಸಾರ, ಅಷ್ಟೇ. ಅದೇ ತಗಡಿಗೆ ರೆಂಬ್ರಾಂಟ್ ಮತ್ತೆ ಮತ್ತೆ ಗೆರೆ ಸೇರಿಸುತ್ತಾ ಹೋದ. ಒಂದೊಂದು ಸಲ ಅಚ್ಚು ಹಾಕಿದಾಗಲೂ ಕತ್ತಲು ಇನ್ನಷ್ಟು ಹತ್ತಿರ ಬರುತ್ತಾ ಹೋಯಿತು.

ನನ್ನನ್ನು ಬೆಚ್ಚಿಬೀಳಿಸಿದ್ದು ಇದಲ್ಲ, ಇದಾದ ಒಂದೆರಡು ವರ್ಷಕ್ಕೆ, 1653ರ ಸುಮಾರಿಗೆ ಆತ ಮಾಡಿದ ಮತ್ತೊಂದು 'ಪಲಾಯನ'. ಹರ್ಕ್ಯುಲೀಸ್ ಸೇಗರ್ಸ್ ಎಂಬ ಹಿರಿಯ ಕಲಾವಿದ ಕೊರೆದಿದ್ದ ಹಳೇ ತಾಮ್ರದ ತಗಡೊಂದು ರೆಂಬ್ರಾಂಟನ ಕೈಗೆ ಬಂದಿತ್ತು. ಅದರಲ್ಲಿ ಟೋಬಿಯಾಸ್ ಎಂಬ ಹುಡುಗನೂ ದೊಡ್ಡ ರೆಕ್ಕೆಯ ದೇವದೂತನೂ ಇದ್ದರು. ರೆಂಬ್ರಾಂಟ್ ಹಿನ್ನೆಲೆಯನ್ನು ಬಹುಪಾಲು ಹಾಗೇ ಬಿಟ್ಟು ಆ ಇಬ್ಬರನ್ನು ಮಾತ್ರ ಕೆರೆದು ತಿಕ್ಕಿ ಅಳಿಸಿ, ಆ ಜಾಗದಲ್ಲಿ ಮರಗಳನ್ನೂ ಓಡಿಹೋಗುತ್ತಿರುವ ಸಂಸಾರವನ್ನೂ ಕೊರೆದ. ಆದರೆ ತಾಮ್ರ ಸ್ಲೇಟು ಅಲ್ಲ. ಎಷ್ಟು ತಿಕ್ಕಿದರೂ ಪೂರ್ತಿ ಹೋಗುವುದಿಲ್ಲ. ಇಂದಿಗೂ ಆ ಚಿತ್ರದ ಮರಗಳ ಎಲೆಗಳ ನಡುವೆ ಕಣ್ಣಿಟ್ಟು ನೋಡಿದರೆ ದೇವದೂತನ ರೆಕ್ಕೆಯ ಗೆರೆಗಳು ಕಾಣುತ್ತವೆ!

ಇದು ರೆಂಬ್ರಾಂಟ್ ಬೇಕೆಂದೇ ಬಿಟ್ಟದ್ದೋ, ತಗಡು ಬಿಡಲಿಲ್ಲವೋ, ಚರ್ಚೆ ಮಾಡಬಹುದು. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಬೇರೆ ಊರಿಗೆ ಹೋಗಿ ನೆಲೆಸಿದವರ ಮನಸ್ಸು ಹೀಗೇ ಇರುತ್ತದಲ್ಲವೇ? ಹೊಸ ಭಾಷೆ, ಹೊಸ ವಿಳಾಸ, ಹೊಸ ಊಟ ಎಲ್ಲವನ್ನೂ ಮೇಲೆ ಕೊರೆದುಕೊಂಡಿರುತ್ತಾರೆ. ಮಾತಿನ ಮಧ್ಯೆ ಯಾವುದೋ ಒಂದು ಶಬ್ದಕ್ಕೆ ಹಳೇ ಊರಿನ ರೆಕ್ಕೆ ಎಲೆಗಳ ನಡುವಿನಿಂದ ಇಣುಕುತ್ತದೆ. ಕ್ಯಾನ್ವಾಸಿನ ಮೇಲೆ ಬಣ್ಣ ಬಳಿದರೆ ಹಳೆಯದು ಮುಚ್ಚಿಹೋಗುತ್ತದೆ. ಕಂಪ್ಯೂಟರಿನಲ್ಲಂತೂ ಡಿಲೀಟ್ ಒತ್ತಿದರೆ ಕಣ್ಣಿಗೆ ಕುರುಹೇ ಉಳಿಯದು. ತಾಮ್ರ ಹಾಗಲ್ಲ. ಅಂದ ಹಾಗೆ, ಸಾಲ ತೀರಿಸಲಾಗದೆ ರೆಂಬ್ರಾಂಟನ ಸ್ವಂತ ಮನೆಯೂ 1658ರಲ್ಲಿ ಮಾರಾಟವಾಯಿತು. ಆತನೂ ಗಂಟುಮೂಟೆ ಕಟ್ಟಿ ಬಾಡಿಗೆ ಮನೆಗೆ ಹೋದ.

*

ಇನ್ನೂರು ವರ್ಷ ಹಿಂದಿನ ಸ್ಪೇನಿಗೆ ಬನ್ನಿ. 1808ರಲ್ಲಿ ನೆಪೋಲಿಯನ್ನನ ಸೈನ್ಯ ಅಲ್ಲಿಗೆ ನುಗ್ಗಿತು. ಆಗ ಅರವತ್ತು ದಾಟಿದ್ದ, ಕಿವಿ ಪೂರ್ತಿ ಕೇಳದ ಫ್ರಾನ್ಸಿಸ್ಕೋ ಗೋಯಾ ಅರಮನೆಯ ಚಿತ್ರಕಾರ. 1810ರಿಂದ ಮುಂದಿನ ಹತ್ತು ವರ್ಷ ಆತ ಗುಟ್ಟಾಗಿ ತಗಡುಗಳನ್ನು ಕೊರೆದ. ಯುದ್ಧಕಾಲದಲ್ಲಿ ತಾಮ್ರ ಸಿಗುವುದು ಕಷ್ಟ. ಹಾಗಾಗಿ ತಾನೇ ಮೊದಲು ಮಾಡಿದ್ದ ನಿಸರ್ಗಚಿತ್ರಗಳ ತಗಡುಗಳನ್ನು ಕತ್ತರಿಸಿ, ಹಿಂಬದಿಗೆ ಯುದ್ಧದ ಚಿತ್ರ ಕೊರೆದ. ಒಂದು ಮಗ್ಗುಲಲ್ಲಿ ಬೆಟ್ಟ ಹೊಳೆ, ಇನ್ನೊಂದು ಮಗ್ಗುಲಲ್ಲಿ ಹೆಣ.

'ಯುದ್ಧದ ವಿಪತ್ತುಗಳು' ಎಂದು ನಾವು ಕರೆಯುವ ಆ ಮಾಲೆಯ 44ನೆಯ ಚಿತ್ರದಲ್ಲಿ ಒಂದು ಹಳ್ಳಿಯೇ ಓಡುತ್ತಿದೆ. ಹೆಂಗಸೊಬ್ಬಳು ಮಗುವಿಗಾಗಿ ಹಿಂದಿರುಗಿದ್ದಾಳೆ. ಪಾದ್ರಿಯೊಬ್ಬ ಹಣದ ಚೀಲವನ್ನು ಎದೆಗೆ ಅವಚಿಕೊಂಡಿದ್ದಾನೆ. ಅವರು ಏನನ್ನು ನೋಡಿ ಹೆದರಿದ್ದಾರೋ ಅದು ಚೌಕಟ್ಟಿನ ಹೊರಗಿದೆ, ನಮಗೆ ಕಾಣುವುದಿಲ್ಲ. ಕೆಳಗೆ ಗೋಯಾ ಬರೆದ ಶೀರ್ಷಿಕೆಯ ಅರ್ಥ ಇಷ್ಟೇ: 'ನಾನಿದನ್ನು ನೋಡಿದೆ'. ಮುಂದಿನ ಚಿತ್ರದಲ್ಲಿ ಕೂಸು, ಗಂಟು ಹೊತ್ತ ಹೆಂಗಸರು. ಅದರ ಶೀರ್ಷಿಕೆ: 'ಇದನ್ನೂ'. ಎಂಥ ಚಿಕ್ಕ ಮಾತು! ಕೋರ್ಟಿನ ಸಾಕ್ಷಿಕಟ್ಟೆಯಲ್ಲಿ ನಿಂತವನು ಹೇಳುವಷ್ಟೇ ಮಾತು.

ಗೋಯಾ ಬದುಕಿರುವಾಗ ಈ ಮಾಲೆ ಪ್ರಕಟವಾಗಲೇ ಇಲ್ಲ. ಮರಳಿ ಬಂದ ರಾಜನ ದಬ್ಬಾಳಿಕೆಗೆ ಬೇಸತ್ತು 1824ರಲ್ಲಿ ಗೋಯಾನೇ ದೇಶ ಬಿಟ್ಟು ಫ್ರಾನ್ಸಿಗೆ ಹೋದ, 1828ರಲ್ಲಿ ಬೋರ್ಡೋದಲ್ಲಿ ತೀರಿಕೊಂಡ. ತಗಡುಗಳು ಸ್ಪೇನಿನಲ್ಲೇ ಉಳಿದವು. 35 ವರ್ಷದ ನಂತರ, 1863ರಲ್ಲಿ, ಮ್ಯಾಡ್ರಿಡ್ಡಿನಲ್ಲಿ ಅವುಗಳಿಂದ 80 ಚಿತ್ರಗಳ ಅಚ್ಚು ಹೊರಬಂತು. ಬಣ್ಣದ ಚಿತ್ರವೊಂದನ್ನು ಸುಟ್ಟರೆ ಅದು ಹೋಯಿತು. ತಗಡು ಇದ್ದರೆ ಮಾತ್ರ ಸಾಕ್ಷಿ ಇದ್ದ ಹಾಗೆ. ಎಷ್ಟು ವರ್ಷ ಮೂಲೆಯಲ್ಲಿ ಬಿದ್ದಿದ್ದರೂ ಮಸಿ ಹಾಕಿ ಒತ್ತಿದರೆ ಮತ್ತೆ ಬಾಯಿ ಬಿಡುತ್ತದೆ.

*

ಇನ್ನು ನಮ್ಮ ದೇಶಕ್ಕೆ ಬರೋಣ. 1943ರ ಬಂಗಾಳದ ಬರಗಾಲದಲ್ಲಿ ಸತ್ತವರು ಸುಮಾರು 30 ಲಕ್ಷ ಎಂಬ ಅಂದಾಜಿದೆ. ಹಳ್ಳಿಗಳಿಂದ ಕಲ್ಕತ್ತೆಗೆ ನಡೆದು ಬಂದವರು ಅನ್ನ ಕೇಳುವ ಧೈರ್ಯವೂ ಇಲ್ಲದೆ ಬಸಿದ ಗಂಜಿ ನೀರಿಗಾಗಿ ಮನೆ ಮನೆ ಮುಂದೆ ಕೂಗುತ್ತಿದ್ದರು. ಚಿತ್ತಪ್ರಸಾದ್ ಎಂಬ ಕಲಾವಿದ ಹಳ್ಳಿ ಹಳ್ಳಿ ಸುತ್ತಿ ಇದನ್ನು ಚಿತ್ರಿಸಿ ಬರೆದ 'ಹಂಗ್ರಿ ಬೆಂಗಾಲ್' ಎಂಬ ಪುಸ್ತಿಕೆಯನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು ನಾಶಮಾಡಿತು. ಅದೇ ಚಿತ್ತಪ್ರಸಾದರ ಜೊತೆಯಲ್ಲಿ ಚಿತ್ರ ಬರೆಯಲು ಕಲಿತ ಚಿತ್ತಗಾಂಗ್ ಕಡೆಯ ಹುಡುಗ ಸೋಮನಾಥ ಹೋರೆ. ಹುಟ್ಟಿದ್ದು 1921ರಲ್ಲಿ. ಮುಂದೆ ಕಲ್ಕತ್ತೆಯ ಕಲಾಶಾಲೆಯಲ್ಲಿ ಜೈನುಲ್ ಆಬೆದಿನ್, ಸಫಿಯುದ್ದೀನ್ ಅಹ್ಮದ್ ಅವರ ಕೈಕೆಳಗೆ ಕಲಿತರು.

ಆಮೇಲೆ 1947 ಬಂತು. ಗುರುಗಳಿಬ್ಬರೂ ಕಲ್ಕತ್ತೆ ಬಿಟ್ಟು ಢಾಕಾಕ್ಕೆ ಹೋದರು. ಜೈನುಲ್ 1948ರಲ್ಲಿ ಅಲ್ಲೊಂದು ಕಲಾಶಾಲೆ ಕಟ್ಟಿದರು. ಶಿಷ್ಯನ ಊರು ಚಿತ್ತಗಾಂಗ್ ಆ ಕಡೆ ಉಳಿಯಿತು, ಶಿಷ್ಯ ಈ ಕಡೆ. ಮೇಷ್ಟರು ಒಂದು ದಿಕ್ಕಿಗೆ, ಹುಡುಗ ಇನ್ನೊಂದು ದಿಕ್ಕಿಗೆ! ನಮ್ಮ ದೇಶದ ಅಚ್ಚುಚಿತ್ರಗಳ ಚರಿತ್ರೆಯೇ ಹೀಗೆ ಗಡಿಯ ಮೇಲೆ ಹರಿದ ಹಾಳೆ. ಸೋಮನಾಥರು ಆಮೇಲೆ ದೆಹಲಿಯಲ್ಲೂ ಶಾಂತಿನಿಕೇತನದಲ್ಲೂ ಎಚಿಂಗ್ ಕಲಿಸಿದರು, ತಾವೂ ಮಾಡಿದರು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಆ ದಶಕದಲ್ಲಿ ಅವರು ಮಾಡಿದ 'ಗಾಯಗಳು' ಎಂಬ ಮಾಲೆಯಲ್ಲಿ ಮನುಷ್ಯರೇ ಇಲ್ಲ, ಮಸಿಯೂ ಇಲ್ಲ. ಮಣ್ಣಿನ ಹಲಗೆಯನ್ನು ಸೀಳಿ ಚುಚ್ಚಿ, ಅದರ ಸಿಮೆಂಟ್ ಅಚ್ಚು ತೆಗೆದು, ಆ ಅಚ್ಚಿಗೆ ಕಾಗದದ ತಿರುಳು ಸುರಿದು ಮಾಡಿದ ಬಿಳಿ ಹಾಳೆಗಳು ಅವು. ಬಿಳಿಯ ಮೇಲೆ ಬಿಳಿಯ ಗಾಯ. ಲೆಕ್ಕಕ್ಕೆ ಇದು ಎಚಿಂಗ್ ಅಲ್ಲ. ಆದರೆ ವರ್ಷಗಟ್ಟಲೆ ತಗಡನ್ನು ಆಮ್ಲ ತಿನ್ನುವುದನ್ನು ನೋಡುತ್ತಾ ಕೂತ ಕಣ್ಣಿಗೆ ಮಾತ್ರ ಹೊಳೆಯಬಹುದಾದ ದಾರಿ.

*

ಈಗ ನನಗೆ ಎಲ್ಲರಿಗಿಂತ ಹತ್ತಿರ ಅನ್ನಿಸಿದವರ ವಿಷಯ. ಜರೀನಾ ಹಾಶ್ಮಿ. ಬರೀ 'ಜರೀನಾ' ಅಂತಲೇ ಪ್ರಸಿದ್ಧರು. 1937ರಲ್ಲಿ ಅಲಿಗಢದಲ್ಲಿ ಹುಟ್ಟಿದರು. ಅಪ್ಪ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರು. ಮಗಳು ಓದಿದ್ದು ಗಣಿತ! ದೇಶ ಒಡೆದಾಗ ಹತ್ತು ವರ್ಷ. ಗಂಡ ವಿದೇಶಾಂಗ ಸೇವೆಯಲ್ಲಿದ್ದ ಕಾರಣ ಮದುವೆಯಾದ ಮೇಲೆ ಊರಿಂದ ಊರಿಗೆ ಅಲೆದಾಟ. ಅಷ್ಟರಲ್ಲಿ, 1959ರಲ್ಲಿ, ಅಪ್ಪ ಅಮ್ಮ ಕರಾಚಿಗೆ ಹೋಗಿಬಿಟ್ಟರು. ಅಲಿಗಢದ ಮನೆ ನೆನಪಾಗಿ ಉಳಿಯಿತು. ಪ್ಯಾರಿಸ್ಸಿನಲ್ಲಿದ್ದಾಗ ಹೇಟರ್ ಎಂಬ ದೊಡ್ಡ ಗುರುವಿನ 'ಅಟೆಲಿಯೇ 17' ಕಾರ್ಯಾಗಾರದಲ್ಲಿ ಎಚಿಂಗ್ ಕಲಿತರು. ಮುಂದೆ ನ್ಯೂಯಾರ್ಕಿನಲ್ಲಿ ನೆಲೆನಿಂತರು. ಗ್ಲೈಡರ್ ವಿಮಾನ ಹಾರಿಸುವುದನ್ನೂ ಕಲಿತಿದ್ದರಂತೆ. ಮೇಲಿಂದ ನೋಡಿದರೆ ಮನೆ, ಹೊಲ, ರಸ್ತೆ ಎಲ್ಲ ಗೆರೆಗಳಾಗಿಯೇ ಕಾಣುತ್ತವೆ ತಾನೇ?

1997ರಲ್ಲಿ ಅವರು ಒಂಬತ್ತು ಎಚಿಂಗುಗಳ ಒಂದು ಸಂಪುಟ ಮಾಡಿದರು. ಹೆಸರಿನ ಅರ್ಥ 'ನಾನು ಮಾಡಿದ ಮನೆಗಳು, ಒಂಬತ್ತು ಗೆರೆಗಳಲ್ಲಿ ಒಂದು ಬದುಕು'. ಒಂದೊಂದು ಹಾಳೆಯಲ್ಲೂ ತಾವು ಇದ್ದ ಒಂದೊಂದು ಮನೆಯ ನಕ್ಷೆ. ಬ್ಯಾಂಕಾಕ್, ದೆಹಲಿ, ಪ್ಯಾರಿಸ್, ಬಾನ್, ಟೋಕಿಯೋ, ನ್ಯೂಯಾರ್ಕ್... ಮನೆ ಕಟ್ಟುವಾಗ ಇಂಜಿನಿಯರು ಕೊಡುತ್ತಾನಲ್ಲ, ಇದು ಬಾಗಿಲು, ಇದು ಗೋಡೆ ಅಂತ, ಅಂಥದೇ ಪ್ಲಾನು. ಜನ ಇಲ್ಲ, ಕುರ್ಚಿ ಇಲ್ಲ, ಕಿಟಕಿಯ ಪರದೆ ಇಲ್ಲ. ಅದಕ್ಕೂ ಮೊದಲು, 1994ರಲ್ಲಿ, ಅಪ್ಪನ ಅಲಿಗಢದ ಮನೆಯ ನಕ್ಷೆಯನ್ನೂ ಎಚಿಂಗ್ ಮಾಡಿದ್ದರು. ಅಲ್ಲಿ ಕೋಣೆ ಕೋಣೆಗೂ ಉರ್ದುವಿನಲ್ಲಿ ಹೆಸರು. ಗಣಿತ ಓದಿದವರು ಅಳುವುದು ಹೀಗಿರಬಹುದು ಅನ್ನಿಸಿತು ನನಗೆ. ಲೆಕ್ಕ ತಪ್ಪದ ಹಾಗೆ.

2001ರಲ್ಲಿ ಅವರೇ 'ವಿಭಜಿಸುವ ಗೆರೆ' ಎಂಬ ಚಿತ್ರ ಮಾಡಿದರು. ಹಾಳೆಯ ಮಧ್ಯೆ ಕೆಳಗಿಳಿಯುವ ಒಂದು ಸೊಟ್ಟ ಕಪ್ಪು ಗೆರೆ, ಅದು ರಾಡ್‌ಕ್ಲಿಫ್ ಗೆರೆ. 1947ರ ಜುಲೈ 8ರಂದು ಭಾರತಕ್ಕೆ ಮೊದಲ ಸಲ ಬಂದಿಳಿದ ಸಿರಿಲ್ ರಾಡ್‌ಕ್ಲಿಫ್ ಸುಮಾರು ಐದು ವಾರದಲ್ಲಿ ಅದನ್ನು ಎಳೆದು ಮುಗಿಸಿದ. ಪ್ರಕಟವಾದದ್ದು ಆಗಸ್ಟ್ 17ಕ್ಕೆ, ಅಂದರೆ ಸ್ವಾತಂತ್ರ್ಯ ಬಂದ ಎರಡು ದಿನದ ನಂತರ! ಆ ಗೆರೆ ದಾಟಿದವರು ಒಂದು ಕೋಟಿಗೂ ಹೆಚ್ಚು ಜನ. ಇಲ್ಲೊಂದು ಸೂಕ್ಷ್ಮ ಇದೆ ನೋಡಿ. ಮನೆಗಳ ನಕ್ಷೆಯನ್ನು ಜರೀನಾ ಎಚಿಂಗಿನಲ್ಲಿ ಮಾಡಿದರು, ಗಡಿಯನ್ನು ಮಾತ್ರ ಮರದ ಹಲಗೆಯಲ್ಲಿ ಮಾಡಿದರು. ಎಚಿಂಗಿನಲ್ಲಿ ಗೆರೆ ಅಂದರೆ ಒಳಗೆ ಇಳಿದದ್ದು. ಮರದಚ್ಚಿನಲ್ಲಿ ಗೆರೆ ಅಂದರೆ ಸುತ್ತಲಿನದೆಲ್ಲವನ್ನೂ ಕೆತ್ತಿ ಬಿಸಾಕಿದ ಮೇಲೆ ಉಳಿದು ನಿಂತದ್ದು. ಗಡಿ ಅಂದರೆ ಅದೇ ಅಲ್ಲವಾ? ಎರಡೂ ಕಡೆಯ ಊರು, ಜನ, ಹೊಲ ಎಲ್ಲ ಕೆತ್ತಿಹೋದರೂ ಅದೊಂದು ಉಳಿಯುತ್ತದೆ. ಈ ಲೆಕ್ಕಾಚಾರ ಅವರ ಮನಸ್ಸಿನಲ್ಲಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಹಾಳೆ ಹಾಗೆ ಹೇಳುತ್ತದೆ.

*

ಇಷ್ಟೆಲ್ಲ ಓದಿದ ಮೇಲೆ ಒಂದು ಮುಜುಗರದ ಪ್ರಶ್ನೆ ಕೇಳಲೇಬೇಕು. ಬೇರೆಯವರ ಸಂಕಟವನ್ನು ಹೀಗೆ ಅಂದವಾಗಿ ಕೊರೆದು, ಚೌಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕುವುದು ಸರಿಯೇ? ರೋಮಾಗಳ ಚಿತ್ರ ಕೊಂಡವರು ರೋಮಾಗಳಲ್ಲ. ಗಂಜಿ ನೀರಿಗೆ ಕೂಗಿದವರ ಮನೆಯಲ್ಲಿ ಗೋಡೆಯೇ ಇರಲಿಲ್ಲ. ಫೋಟೋದ ಬಗ್ಗೆ ನಾವು ಕೇಳುವ ಪ್ರಶ್ನೆಯನ್ನು ಎಚಿಂಗಿಗೂ ಕೇಳಬೇಕಾಗುತ್ತದೆ. ನನ್ನ ಉತ್ತರ ಅರ್ಧಂಬರ್ಧ. ಗೋಯಾ ಮಾರಲು ಮಾಡಲಿಲ್ಲ, ಸಾಕ್ಷಿಗಾಗಿ ಮಾಡಿದ. ಸೋಮನಾಥರು ಮುಖಗಳನ್ನು ತೆಗೆದುಹಾಕಿ ಗಾಯ ಮಾತ್ರ ಉಳಿಸಿದರು. ಜರೀನಾ ಬೇರೆಯವರದ್ದಲ್ಲ, ತಮ್ಮದೇ ಮನೆಗಳನ್ನು ಬರೆದರು. ಅಯ್ಯೋ ಪಾಪ ಅನ್ನಲು ಅಲ್ಲಿ ಒಂದು ಮುಖವೂ ಸಿಗುವುದಿಲ್ಲ. ನಕ್ಷೆ ನೋಡುತ್ತಾ ನೋಡುತ್ತಾ ನಾವು ಬಿಟ್ಟು ಬಂದ ಮನೆಯ ಬಾಗಿಲು ಎಲ್ಲಿತ್ತು ಅಂತ ಬೆರಳಿನಲ್ಲಿ ಹುಡುಕತೊಡಗುತ್ತೇವೆ. ಕನಿಕರಕ್ಕಿಂತ ಅದು ದೊಡ್ಡದು ಅಂತ ನನಗನ್ನಿಸುತ್ತದೆ.

ತಾಮ್ರದ ತಗಡು ನಮ್ಮ ನಾಡಿಗೆ ಹೊಸದೇನಲ್ಲ. ಗಂಗರು, ಚಾಲುಕ್ಯರು, ರಾಷ್ಟ್ರಕೂಟರು ದಾನ ಕೊಟ್ಟ ಊರಿನ ಎಲ್ಲೆಯನ್ನು ತಾಮ್ರದ ಹಲಗೆಗಳ ಮೇಲೆ ಕಂಡರಿಸಿ, ಬಳೆಯಲ್ಲಿ ಪೋಣಿಸಿ, ಮುದ್ರೆ ಒತ್ತಿ ಕೊಡುತ್ತಿದ್ದರು. ಅದು ಆಮ್ಲದ ಕೆಲಸವಲ್ಲ, ಉಳಿಯ ಕೆಲಸ. ಕಂಡರಿಸಿದವನ ಹೆಸರೂ ಕೊನೆಯಲ್ಲಿ ಬರುವುದುಂಟು. ಯಾವ ಕೆರೆಯಿಂದ ಯಾವ ಹುಣಸೆ ಮರದವರೆಗೆ ಎಂಬಷ್ಟು ಸ್ಪಷ್ಟವಾಗಿ ಈ ನೆಲ ನಿನ್ನದು, ಸೂರ್ಯ ಚಂದ್ರರಿರುವ ತನಕ ನಿನ್ನದು, ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಅಂತ ಅದರಲ್ಲಿ ಬರೆದಿರುತ್ತಿತ್ತು. ಅಂದರೆ ನಮ್ಮಲ್ಲಿ ತಾಮ್ರ ನೆಲ ಪಡೆದವರ ಕಾಗದಪತ್ರ. ನೆಲ ಬಿಟ್ಟವರಿಗೆ, ನೆಲವೇ ಇಲ್ಲದವರಿಗೆ ಒಂದು ಶಾಸನವೂ ಇಲ್ಲ. ಕಾಲೋನಿಂದ ಜರೀನಾ ತನಕ ಈ ಕಲಾವಿದರು ಮಾಡಿದ್ದು ಅದನ್ನೇ ಎಂದು ನನಗೆ ತೋರುತ್ತದೆ. ಅದೇ ತಾಮ್ರವನ್ನು ತೆಗೆದುಕೊಂಡು ನೆಲ ಕಳೆದುಕೊಂಡವರ ಹೆಸರಿಗೆ ಶಾಸನ ಬರೆದರು.

ನಮ್ಮ ಕನ್ನಡದಲ್ಲಿ ಇದಕ್ಕೊಂದು ಪದವಿದೆ, ಗುಳೆ. ವಲಸೆ ಅನ್ನುವುದಕ್ಕಿಂತ ಭಾರದ ಪದ. ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳದ ಕಡೆ ಮಳೆ ಕೈಕೊಟ್ಟರೆ ಊರಿಗೆ ಊರೇ ಬೆಂಗಳೂರು, ಮುಂಬೈ, ಪುಣೆ, ಗೋವಾ ಕಡೆ ಹೊರಡುತ್ತದೆ. ಮನೆಗೆ ಬೀಗ, ಕಟ್ಟೆ ಮೇಲೆ ಮುದುಕರು. ನಾನೂ ಊರು ಬಿಟ್ಟವನೇ. ಆದರೆ ಆಫರ್ ಲೆಟರ್ ಹಿಡಿದು ಸ್ಲೀಪರ್ ಬಸ್ಸಿನಲ್ಲಿ ಬಂದ ನನಗೂ ಅವರಿಗೂ ಒಂದೇ ಪದ ಬಳಸಲು ನಾಲಿಗೆ ಏಳುವುದಿಲ್ಲ. ನಾವು ಬಾಡಿಗೆಗಿರುವ ಅಪಾರ್ಟ್‌ಮೆಂಟುಗಳನ್ನು ಕಟ್ಟಿದವರು ಅವರು. ಕಟ್ಟುವಷ್ಟು ದಿನ ಪಕ್ಕದ ಖಾಲಿ ಸೈಟಿನಲ್ಲಿ ತಗಡಿನ ಶೆಡ್ಡು. ಕಟ್ಟಡ ಮುಗಿದ ದಿನ ಶೆಡ್ಡು ಬಿಚ್ಚಿ ಮುಂದಿನ ಸೈಟಿಗೆ. ನಮ್ಮ ಮನೆಯ ನಕ್ಷೆ ಪಾಲಿಕೆಯ ಕಡತದಲ್ಲಿದೆ, ಬ್ಯಾಂಕಿನ ಬೀರುವಿನಲ್ಲಿದೆ. ಆ ಶೆಡ್ಡಿನ ನಕ್ಷೆ ಎಲ್ಲೂ ಇಲ್ಲ. ಜರೀನಾಗೆ ಒಂಬತ್ತು ಹಾಳೆ ಸಾಕಾಯಿತು. ಮೂವತ್ತು ವರ್ಷ ಗಾರೆ ಕಲಸಿದ ಹೆಂಗಸೊಬ್ಬಳು ತಾನಿದ್ದ ಶೆಡ್ಡುಗಳನ್ನೆಲ್ಲ ಕೊರೆಯಲು ಹೊರಟರೆ ಎಷ್ಟು ತಗಡು ಬೇಕಾದೀತು?

2020ರ ಮೇ ತಿಂಗಳ ಮೊದಲ ವಾರದಲ್ಲಿ ಬೆಂಗಳೂರಿನಿಂದ ಹೊರರಾಜ್ಯಗಳ ಕಾರ್ಮಿಕರನ್ನು ಊರಿಗೆ ಒಯ್ಯಬೇಕಿದ್ದ ರೈಲುಗಳು ಬೇಡ ಎಂದು ನಮ್ಮ ಸರ್ಕಾರ ಹೇಳಿತು, ಟೀಕೆ ಬಂದ ಮೇಲೆ ಎರಡು ದಿನದಲ್ಲಿ ಮತ್ತೆ ಬಿಡಲು ಒಪ್ಪಿತು. ಅದಕ್ಕೆ ಕೆಲವೇ ದಿನ ಮೊದಲು, ಏಪ್ರಿಲ್ 25ರಂದು, ಜರೀನಾ ಲಂಡನ್ನಿನಲ್ಲಿ ತೀರಿಕೊಂಡಿದ್ದರು. ವಯಸ್ಸು 82. ಹೆದ್ದಾರಿಗಳ ಸುದ್ದಿಯ ನಡುವೆ ಆ ಸುದ್ದಿಯನ್ನು ಓದಿದವರು ಎಷ್ಟು ಜನರೋ.

ಬೆಂಗಳೂರಿನಲ್ಲಿರುವವರಿಗೆ ಒಂದು ಮಾತು. ಚಿತ್ರಕಲಾ ಪರಿಷತ್ತಿನ ಕಾಲೇಜಿನಲ್ಲಿ ಅಚ್ಚುಚಿತ್ರಗಳನ್ನು ಕಲಿಸುತ್ತಾರೆ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಯುತ್ತದೆ. ಅಲ್ಲೋ ಬೇರೆಲ್ಲೋ ಎಚಿಂಗ್ ಒಂದು ಕಣ್ಣಿಗೆ ಬಿದ್ದರೆ ಮೊಬೈಲ್ ತೆಗೆದು ಫೋಟೋ ಹೊಡೆಯಬೇಡಿ. ಹಾಳೆಯನ್ನು ಸ್ವಲ್ಪ ಓರೆಯಾಗಿ, ಬೆಳಕಿಗೆ ಅಡ್ಡಲಾಗಿ ನೋಡಿ. ಗೆರೆಗಳು ಕಾಗದದ ಮೇಲೆ ಎದ್ದು ನಿಂತಿರುವುದು ಕಾಣುತ್ತದೆ. ಪರದೆಯ ಮೇಲೆ ಅದು ಕಾಣುವುದಿಲ್ಲ. ನೋಡಿ ಬಂದು ನಿಮಗೇನನ್ನಿಸಿತು ತಿಳಿಸಿ.